ಇಂಗ್ಲಿಷ್ ಬರ್ತಿತ್ತು ರೀ ಪಟೇಲರಿಗೆ!

ನಮಸ್ಕಾರ. ಇವತ್ತು ಬೇರೆ ವಿಷಯ ಇಟ್ಕೊಂಡಿದ್ದೆ, ಬರೆದೂ ಆಗಿತ್ತು. ಅಷ್ಟರಲ್ಲಿ ಹೋದ ಸಂಚಿಕೆಯ ಕೆಳಗೆ ಒಬ್ಬ ಮಹಾನುಭಾವರು ಕಾಮೆಂಟ್ ಹಾಕಿದಾರೆ. ನಮ್ಮ ಮಾಜಿ ಮುಖ್ಯಮಂತ್ರಿ ಜೆ.ಎಚ್. ಪಟೇಲ್ ಲೋಕಸಭೆಯಲ್ಲಿ ಕನ್ನಡ ಮಾತಾಡಿದ್ದು ಏನು ಮಹಾ, ಪಾಪ ಇಂಗ್ಲಿಷ್ ಬಂದಿರಲಿಕ್ಕಿಲ್ಲ ಅಂತ. ಅದಕ್ಕೆ ಲೈಕು ಬೇರೆ!

ಬರ್ತಿತ್ತು ರೀ. ಲಾ ಓದಿದ ಮನುಷ್ಯ. ಆ ಕಾಲದಲ್ಲಿ ಲಾ ಕಾಲೇಜಲ್ಲಿ ಕನ್ನಡದಲ್ಲಿ ಯಾರು ಪಾಠ ಹೇಳ್ತಿದ್ರು?

ಸರಿ, ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಚನ್ನಗಿರಿ ತಾಲ್ಲೂಕಿನ ಕಾರಿಗನೂರು, 1930ರಲ್ಲಿ ಹುಟ್ಟಿದ್ದು. ಆಗ ಅದು ಶಿವಮೊಗ್ಗ ಜಿಲ್ಲೆ. ಕಾನೂನು ಪದವಿ ತಗೊಂಡು ಸಮಾಜವಾದಿಗಳ ಜೊತೆ ಸೇರಿಕೊಂಡರು, ಶಾಂತವೇರಿ ಗೋಪಾಲಗೌಡರ ಒಡನಾಟ. 1967ರಲ್ಲಿ ಸಂಯುಕ್ತ ಸೋಷಲಿಸ್ಟ್ ಪಕ್ಷದಿಂದ ಶಿವಮೊಗ್ಗಕ್ಕೆ ಎಂಪಿ. ಆಗ ಅವರಿಗೆ 36 ವರ್ಷ. ಲೋಕಸಭೆಯಲ್ಲಿ ಎದ್ದು ನಿಂತು ಕನ್ನಡದಲ್ಲಿ ಮಾತಾಡಿದ ಮೊದಲ ಸದಸ್ಯ. ಸ್ಪೀಕರ್ ಕುರ್ಚಿಯಲ್ಲಿ ನೀಲಂ ಸಂಜೀವ ರೆಡ್ಡಿ, ಪಕ್ಕದ ಆಂಧ್ರದವರು.

ಈಗ ಅಸಲಿ ವಿಷಯಕ್ಕೆ ಬನ್ನಿ. ಸಂವಿಧಾನದ 120ನೇ ವಿಧಿ ಒಮ್ಮೆ ತೆಗೆದು ನೋಡಿ. ಸಂಸತ್ತಿನ ಕಲಾಪ ಹಿಂದಿ ಅಥವಾ ಇಂಗ್ಲಿಷಿನಲ್ಲಿ. ಈ ಎರಡರಲ್ಲೂ ತನ್ನ ಮಾತು ಸರಿಯಾಗಿ ಹೇಳೋಕೆ ಆಗದವನಿಗೆ ಮಾತ್ರ ಸ್ಪೀಕರ್ ಅನುಮತಿ ಕೊಟ್ಟರೆ ಮಾತೃಭಾಷೆ. ಅಂದ್ರೆ ಅದು ಬಾರದವರಿಗೆ ಅಂತ ಇಟ್ಟ ರಿಯಾಯಿತಿ. ಬರುವವರು ಎದ್ದು ನಿಂತು ಅದನ್ನೇ ತಗೊಂಡರು! ಕಾನೂನು ಓದಿದ್ದು ಸಾರ್ಥಕ ಅಂದ್ರೆ ಇದು. ಬಾರದೆ ಮಾತಾಡಿದ್ದರೆ ಅನಿವಾರ್ಯ ಅಂತಿದ್ವಿ. ಬಂದೂ ಮಾತಾಡಿದರು, ಅದಕ್ಕೇ ನಾನಿಷ್ಟು ಕುಣಿಯೋದು.

ಅಂದಹಾಗೆ, ಸಬ್‌ಸ್ಕ್ರೈಬ್ ಆಗಿಲ್ಲದವರು ಆಗಿಬಿಡಿ. ಪುಕ್ಕಟೆ. ನಮ್ಮ ಚಾನೆಲ್‌ನ ಕಾಫಿ ಲೋಟವೂ ಬಂದಿದೆ, ಅದು ಪುಕ್ಕಟೆ ಅಲ್ಲ.

ಇನ್ನೊಬ್ಬರ ಪ್ರಶ್ನೆ: ಅಲ್ಲಿ ಕನ್ನಡ ಯಾರಿಗೆ ಅರ್ಥ ಆಗ್ತಿತ್ತು? ಅಯ್ಯೋ ಮಾರಾಯ್ರೆ, ಹಿಂದಿ ಭಾಷಣ ಶುರುವಾದರೆ ತಮಿಳುನಾಡಿನ ಸದಸ್ಯರಿಗೆ ಅರ್ಥ ಆಗ್ತಿತ್ತಾ? 1965ರಲ್ಲಿ ಮದ್ರಾಸ್ ರಾಜ್ಯ ಹಿಂದಿ ವಿರೋಧಿಸಿ ಹೊತ್ತಿ ಉರಿದಿತ್ತು. ಅದಾಗಿ ಎರಡೇ ವರ್ಷಕ್ಕೆ ಇವರು ಸಂಸತ್ತಿಗೆ ಹೋಗಿದ್ದು. ತಮಾಷೆ ಏನಂದ್ರೆ ಪಟೇಲರ ಗುರು ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ, 'ಅಂಗ್ರೇಜಿ ಹಟಾವೊ', ಅಂದ್ರೆ ಇಂಗ್ಲಿಷ್ ತೊಲಗಿಸಿ, ಅಂದವರು. ಉತ್ತರದ ಶಿಷ್ಯರು ಇಂಗ್ಲಿಷ್ ಎಬ್ಬಿಸಿ ಹಿಂದಿ ಕೂರಿಸೋಕೆ ಹೊರಟರು. ಕಾರಿಗನೂರಿನ ಶಿಷ್ಯ ಇಂಗ್ಲಿಷ್ ಬಿಟ್ಟು ಕನ್ನಡ ಎತ್ತಿಕೊಂಡರು. ಗುರುವಿನ ಮಾತನ್ನ ಸರಿಯಾಗಿ ಅರ್ಥ ಮಾಡ್ಕೊಂಡಿದ್ದು ಯಾರು, ನೀವೇ ಹೇಳಿ.

ಒಂದೇ ಅವಧಿ ಎಂಪಿ ಅಂತೀರಾ? ಹೌದು, ಒಂದೇ. ಆಮೇಲೆ ತುರ್ತು ಪರಿಸ್ಥಿತಿಯಲ್ಲಿ ಜೈಲು, ಚನ್ನಗಿರಿಯಿಂದ ವಿಧಾನಸಭೆ, ಹೆಗಡೆ ಸಂಪುಟದಲ್ಲಿ ಮಂತ್ರಿ. 1996ರಲ್ಲಿ ದೇವೇಗೌಡರು ಪ್ರಧಾನಿ ಆದಾಗ ಇವರು ಮುಖ್ಯಮಂತ್ರಿ. 1997ರಲ್ಲಿ ಏಳು ಹೊಸ ಜಿಲ್ಲೆ: ಉಡುಪಿ, ಗದಗ, ಹಾವೇರಿ, ಕೊಪ್ಪಳ, ಬಾಗಲಕೋಟೆ, ಚಾಮರಾಜನಗರ, ದಾವಣಗೆರೆ. ತಮ್ಮ ಚನ್ನಗಿರಿಯನ್ನೇ ಶಿವಮೊಗ್ಗದಿಂದ ಕಿತ್ತು ದಾವಣಗೆರೆಗೆ ಕೊಟ್ಟರು. 1999ರಲ್ಲಿ ಅದೇ ಚನ್ನಗಿರಿಯವರು ಸೋಲಿಸಿ ಮನೆಗೆ ಕಳಿಸಿದರು. 2000ದ ಡಿಸೆಂಬರ್‌ನಲ್ಲಿ ತೀರಿಕೊಂಡರು. ಇಷ್ಟೆಲ್ಲ ಇದ್ದೂ ನಮ್ಮ ಜನಕ್ಕೆ ನೆನಪಿರೋದು ಏನು? ಗುಂಡಿನ ಜೋಕು! ರೀಲ್ಸ್ ತೆಗೆದರೆ ಅದೇ. ನಾನೂ ನಗ್ತೀನಿ, ಚೆನ್ನಾಗೇ ಇರ್ತವೆ. ಆದರೆ ಲೋಕಸಭೆಯ ಕನ್ನಡದ ಮೇಲೆ ಒಂದು ರೀಲ್ ತೋರಿಸಿ ನೋಡೋಣ.

ಈಗ ಅಲ್ಲಿ ಹೆಡ್‌ಫೋನ್ ಹಾಕಿದರೆ ಅನುವಾದ ಬರುತ್ತೆ, ಕನ್ನಡಕ್ಕೂ ಇದೆ. 2025ರಲ್ಲಿ ಸಂಸ್ಕೃತ, ಮೈಥಿಲಿ, ಬೋಡೊ ಅಂತ ಇನ್ನೂ ಆರು ಭಾಷೆ ಸೇರಿಸಿದರು. ನಮ್ಮವರು 28 ಜನ ಇದ್ದಾರೆ. ಪ್ರಮಾಣವಚನ ಕನ್ನಡದಲ್ಲಿ ತಗೊಂಡು, ಫೋಟೊ ಹಾಕಿ, ಆಮೇಲೆ ಹಿಂದಿಯಲ್ಲಿ ತಡವರಿಸೋದು. 'ಹಮಾರಾ ರಾಜ್ಯ ಕಾ, ವೋ...' ಅಂತ. ನೋಡೋಕಾಗಲ್ಲ! ಯಾರಿಗೋಸ್ಕರ ಸ್ವಾಮಿ? ವೋಟು ಹಾಕಿದ್ದು ಶಿಕಾರಿಪುರದವರು, ಸಿಂದಗಿಯವರು. ಕಾನ್ಪುರದವರಲ್ಲ.

ಭಾಷಾಂಧ ಅಂತ ಬರೀರಿ, ಪರವಾಗಿಲ್ಲ. ಇಂಗ್ಲಿಷ್ ಬಾರದವನು ಅಂತಾನೂ ಬರೀರಿ. ನನಗೂ ಬರುತ್ತೆ. ಪಟೇಲರಿಗೂ ಬರ್ತಿತ್ತು. ಬರ್ತಿತ್ತು ರೀ, ಬರ್ತಿತ್ತು! ಮುಂದೆ ವಾದ ಮಾಡೋರು ಮೊದಲು ಲೋಟ ತಗೊಳ್ಳಿ, ಆಮೇಲೆ ಮಾಡಿ.

ಮುಂದಿನ ವಾರ ಇನ್ನೊಬ್ಬ ವಕೀಲರು, ತುರುವನೂರಲ್ಲಿ ಈಚಲು ಮರ ಕಡಿದ ನಿಜಲಿಂಗಪ್ಪನವರು. ಅವರ ಬಗ್ಗೆಯೂ ಯಾರೋ ಏನೋ ಬರೆದಿದಾರೆ, ಸ್ಕ್ರೀನ್‌ಶಾಟ್ ಇಟ್ಕೊಂಡಿದೀನಿ.