ಅಪ್ಪನ ಬಲಗಾಲು, ರಿಪೋರ್ಟಿನ ಎಡಗಾಲು

ನಮಸ್ಕಾರ. ನನ್ನ ಕೈಯಲ್ಲಿ ಒಂದು ಹಾಳೆ ಇದೆ. ನಮ್ಮ ಅಪ್ಪನ ಅಂಗವಿಕಲತೆಯ ಸರ್ಟಿಫಿಕೇಟ್. ಎರಡು ವರ್ಷದ ಮಗುವಾಗಿದ್ದಾಗ ಪೋಲಿಯೋ ಬಂದು ಅಪ್ಪನ ಬಲಗಾಲು ಸೊರಗಿತು. ಈ ಹಾಳೆಯಲ್ಲಿ ಎಡಗಾಲು ಅಂತ ಬರೆದಿದೆ. ಹಳೆಯ ಸರ್ಟಿಫಿಕೇಟಿನಲ್ಲಿ ಅಂಗವಿಕಲತೆ ಶೇ. 55 ಅಂತ ಇತ್ತು. ಯುಡಿಐಡಿ ಕಾರ್ಡಿಗಾಗಿ, ಅಂದರೆ ಅಂಗವಿಕಲರ ಗುರುತಿನ ಚೀಟಿಗಾಗಿ, ಮತ್ತೆ ತಪಾಸಣೆ ಮಾಡಿ ಕೊಟ್ಟ ಈ ಹಾಳೆಯಲ್ಲಿ ಅದು ಶೇ. 38ಕ್ಕೆ ಇಳಿಯಿತು.

38ಕ್ಕೂ 40ಕ್ಕೂ ಅಂಥ ಏನು ವ್ಯತ್ಯಾಸ ಅಂತ ಅನ್ನಿಸಬಹುದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಹೆಚ್ಚಿನ ಸವಲತ್ತುಗಳ ಗೆರೆ ಇರುವುದೇ 40ರಲ್ಲಿ. ಸರ್ಕಾರಿ ಕೆಲಸದಲ್ಲಿ ಕನಿಷ್ಠ ಶೇ. 4 ಮೀಸಲಾತಿ ಅಲ್ಲಿಂದಲೇ ಶುರು. ನಮ್ಮ ರಾಜ್ಯದಲ್ಲಿ 40 ಅಥವಾ ಅದಕ್ಕಿಂತ ಹೆಚ್ಚು ಇರುವವರಿಗೆ ತಿಂಗಳಿಗೆ 800 ರೂಪಾಯಿ ಪೆನ್ಷನ್, 75 ಅಥವಾ ಅದಕ್ಕಿಂತ ಹೆಚ್ಚಿದ್ದರೆ 1,400. ಬಸ್ ಪಾಸಿಗೂ 40 ಬೇಕು. ಅಪ್ಪನಿಗೆ ಬರುತ್ತಿದ್ದ 800 ರೂಪಾಯಿ ನಿಂತುಹೋಯಿತು. ಅವರ ತಿಂಗಳ ಮಾತ್ರೆಗಳು ಬರುತ್ತಿದ್ದುದೇ ಆ ದುಡ್ಡಲ್ಲಿ.

ಆವತ್ತು ಆಸ್ಪತ್ರೆಯಲ್ಲಿ ಏನಾಯಿತು ಅಂತ ಹೇಳುತ್ತೇನೆ, ನಾನು ಪಕ್ಕದಲ್ಲೇ ಇದ್ದೆ. ಬೆಳಿಗ್ಗೆ ಎಂಟಕ್ಕೆ ಹೋಗಿದ್ದೆವು. ಹೆಸರು ಕೂಗಿದಾಗ ಮಧ್ಯಾಹ್ನ ಒಂದೂವರೆ. ಡಾಕ್ಟರು ತಲೆ ಎತ್ತಿ "ನಡೀತೀರಾ?" ಅಂದರು. ಅಪ್ಪ "ನಡೀತೀನಿ ಸಾರ್" ಅಂದರು. "ಸ್ವಲ್ಪ ನಡೀರಿ ನೋಡೋಣ." ಅಪ್ಪ ಟೈಲ್ಸ್ ನೆಲದ ಮೇಲೆ ನಾಲ್ಕು ಹೆಜ್ಜೆ ನಡೆದರು. "ಸರಿ, ಹೊರಗೆ ಕೂತ್ಕೊಳ್ಳಿ." ಅಷ್ಟೇ. ಎರಡು ನಿಮಿಷವೂ ಆಗಿರಲಿಲ್ಲ.

ಅಪ್ಪ ಟೈಲರ್. ಅವರ ಯಾವ ಪ್ಯಾಂಟ್ ತೆಗೆದು ನೋಡಿದರೂ ಬಲತೊಡೆಯ ಮೇಲೆ, ಮೊಣಕಾಲಿಗಿಂತ ಒಂದು ಗೇಣು ಮೇಲಕ್ಕೆ, ಬಟ್ಟೆ ಸವೆದು ಹೊಳೆಯುತ್ತಿರುತ್ತದೆ. ಪ್ರತಿ ಹೆಜ್ಜೆಗೂ ಅಲ್ಲಿ ಅಂಗೈ ಊರಿ ಒತ್ತುತ್ತಾರೆ. ಒತ್ತದಿದ್ದರೆ ಮೊಣಕಾಲು ಮಡಚಿಕೊಂಡು ಬೀಳುತ್ತಾರೆ. ಬಟ್ಟೆ ಹರಿದಾಗ ಒಳಗಿನಿಂದ ಅದೇ ಬಣ್ಣದ ತೇಪೆ ಹಾಕಿಕೊಳ್ಳುತ್ತಾರೆ, ಯಾರಿಗೂ ಕಾಣದ ಹಾಗೆ. ಐವತ್ತು ವರ್ಷದಿಂದ ಆ ಕಾಲನ್ನು ಜನರ ಕಣ್ಣಿಗೆ ಬೀಳದ ಹಾಗೆ ನಡೆಸಿಕೊಂಡು ಬಂದ ಮನುಷ್ಯ ಅವರು. ಡಾಕ್ಟರ ಮುಂದೆಯೂ ಹಾಗೇ ನಡೆದರು. ರಿಪೋರ್ಟಿನಲ್ಲಿ "ಆಧಾರವಿಲ್ಲದೆ ನಡೆಯುತ್ತಾರೆ" ಎಂದು ಬಂತು.

ನನಗೆ ತುಂಬಾ ನೋವಾದದ್ದು ಇದಕ್ಕೇ. ಮರ್ಯಾದೆಯಿಂದ ಬದುಕಲು ಕಲಿತದ್ದೆಲ್ಲ ಆ ಒಂದು ಸಾಲಿನಲ್ಲಿ ಅವರಿಗೇ ತಿರುಗಿಬಿತ್ತು.

ಮೊದಲು ನಾವೂ ಎಲ್ಲರ ಹಾಗೆ ಕೌಂಟರಿಗೆ ಹೋಗಿ "ಪರ್ಸೆಂಟೇಜ್ ಕಡಿಮೆ ಆಗಿದೆ, ಜಾಸ್ತಿ ಮಾಡಿಕೊಡಿ" ಅಂತ ಕೇಳಿದೆವು. ಹಾಗೆ ಕೇಳುವುದೇ ತಪ್ಪು. ಸುಳ್ಳು ಸರ್ಟಿಫಿಕೇಟ್ ಮಾಡಿಸಿಕೊಳ್ಳುವವರು ಇರುವುದರಿಂದ, ಜಾಸ್ತಿ ಕೇಳಿದ ಕೂಡಲೇ ಅನುಮಾನದಿಂದ ನೋಡುತ್ತಾರೆ. ದಾರಿ ತೋರಿಸಿದ್ದು ನಮ್ಮ ಪಂಚಾಯಿತಿಯ ವಿಆರ್‌ಡಬ್ಲ್ಯೂ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಅವರಿಗೂ ಪೋಲಿಯೋ ಆಗಿದೆ. "ನಂಬರ್ ಬಿಡಿ, ಯಾವ ಸಾಲು ತಪ್ಪಾಗಿದೆ ಅದನ್ನ ತೋರಿಸಿ" ಅಂದರು.

ಅಂಗವಿಕಲತೆ ಎಷ್ಟಿದೆ ಅಂತ ಅಳೆಯುವುದಕ್ಕೆ ಕೇಂದ್ರ ಸರ್ಕಾರದ ಮಾರ್ಗಸೂಚಿ ಇದೆ. 2018ರಲ್ಲಿ ಬಂತು, 2024ರಲ್ಲಿ ಪರಿಷ್ಕರಣೆ ಆಯಿತು. ಕಾಲಿನ ವಿಷಯದಲ್ಲಿ ಸಮತಟ್ಟು ನೆಲದ ಮೇಲಿನ ನಡಿಗೆ ನೋಡಿದರೆ ಮುಗಿಯುವುದಿಲ್ಲ. ಇಳಿಜಾರಿನಲ್ಲಿ ನಡೆಯಲು ಆಗುತ್ತದಾ, ಮೆಟ್ಟಿಲು ಹತ್ತಲು, ತೊಂದರೆ ಇರುವ ಕಾಲಿನ ಮೇಲೆ ನಿಲ್ಲಲು, ಕುಕ್ಕುರುಗಾಲಲ್ಲಿ ಕೂರಲು, ಚಕ್ಕಳಮಕ್ಕಳ ಹಾಕಲು, ಮಂಡಿಯೂರಲು ಆಗುತ್ತದಾ ಅಂತ ಒಂದೊಂದಕ್ಕೂ ಬೇರೆ ಬೇರೆ ಅಂಕ ಇದೆ. ಸ್ನಾಯುಗಳ ಬಲವನ್ನು ಸೊನ್ನೆಯಿಂದ ಐದರವರೆಗೆ ಅಳೆಯುತ್ತಾರೆ. ಅಪ್ಪನಿಗೆ ನೋಡಿದ್ದು ನಾಲ್ಕು ಹೆಜ್ಜೆ ಮಾತ್ರ.

ಇನ್ನೊಂದು ವಿಷಯ, ಎರಡು ತೊಂದರೆ ಇರುವವರಿಗೆ. ಒಂದಕ್ಕೆ 30, ಇನ್ನೊಂದಕ್ಕೆ 20 ಬಂದರೆ ಕೂಡಿಸಿ 50 ಅಂತ ಕೊಡುವುದಿಲ್ಲ. ಅದಕ್ಕೊಂದು ಸೂತ್ರ ಇದೆ, ಲೆಕ್ಕ ಮಾಡಿದರೆ ಸುಮಾರು 43 ಬರುತ್ತದೆ. ಆದರೆ ಎರಡನೆಯ ತೊಂದರೆಯನ್ನು ಬರೆಯುವುದೇ ಮರೆತರೆ ನೀವು 30ರಲ್ಲೇ ಉಳಿಯುತ್ತೀರಿ. ಆ ಜಾಗವನ್ನು ಮೊದಲು ನೋಡಿಕೊಳ್ಳಿ.

ನಾವು ಒಂದೇ ಪುಟದ ಅರ್ಜಿ ಬರೆದೆವು. ಕೋಪವನ್ನೆಲ್ಲ ಮನೆಯಲ್ಲೇ ಬಿಟ್ಟು ಬರೆದೆವು. ರಿಪೋರ್ಟಿನಲ್ಲಿ ಎಡಗಾಲು ಎಂದಿದೆ, ತೊಂದರೆ ಇರುವುದು ಬಲಗಾಲಿಗೆ. ಆಧಾರವಿಲ್ಲದೆ ಎಂದಿದೆ, ತೊಡೆಗೆ ಕೈ ಒತ್ತದೆ ನಡೆಯಲಾರರು. ಮೆಟ್ಟಿಲು ಹತ್ತಿಸಿ ನೋಡಿಲ್ಲ, ನೆಲಕ್ಕೆ ಕೂರಿಸಿ ನೋಡಿಲ್ಲ. ಹಳೆಯ ಸರ್ಟಿಫಿಕೇಟಿನ ನಕಲು ಲಗತ್ತಿಸಿದೆವು. ಜಿಲ್ಲಾ ಆಸ್ಪತ್ರೆಯಲ್ಲಿ ಕೊಟ್ಟು, ನಮ್ಮ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಂಡೆವು. ಆ ಸೀಲು ಬಿಡಬೇಡಿ. ಅದಿಲ್ಲದಿದ್ದರೆ ನೀವು ಅರ್ಜಿ ಕೊಟ್ಟಿದ್ದಕ್ಕೆ ಸಾಕ್ಷಿಯೇ ಇರುವುದಿಲ್ಲ.

ಆಸ್ಪತ್ರೆಯವರು ಒಪ್ಪದಿದ್ದರೂ ಕಾಯ್ದೆಯ 59ನೇ ಸೆಕ್ಷನ್ ಪ್ರಕಾರ ಮೇಲ್ಮನವಿ ಹಾಕುವ ಹಕ್ಕು ನಿಮಗಿದೆ. ಬೆಂಗಳೂರಿನಲ್ಲಿ ವಿಕಲಚೇತನರ ರಾಜ್ಯ ಆಯುಕ್ತರ ಕಚೇರಿ ಇದೆ, ಅಲ್ಲಿಗೂ ದೂರು ಬರೆಯಬಹುದು.

ನಾನು ಡಾಕ್ಟರುಗಳನ್ನು ಬೈಯುತ್ತಿಲ್ಲ. ಆವತ್ತು ಆ ಬಾಗಿಲ ಹೊರಗೆ ಎಷ್ಟು ಜನ ಕಾಯುತ್ತಿದ್ದರು ಅಂತ ಕಣ್ಣಾರೆ ನೋಡಿದ್ದೇನೆ. ನಾನು ಕೇಳುವುದು ಒಂದೇ. ಸಹಿ ಹಾಕುವ ಮುಂಚೆ, ಬರೆದಿದ್ದನ್ನು ಎದುರಿಗೆ ಕೂತವರಿಗೆ ಒಮ್ಮೆ ಓದಿ ಹೇಳಿ. ಕನ್ನಡದಲ್ಲಿ. "ಎಡಗಾಲು" ಅಂತ ಓದಿದ್ದರೆ ಅಪ್ಪ ಅಲ್ಲೇ "ಅಲ್ಲ ಸಾರ್, ಬಲಗಾಲು" ಅನ್ನುತ್ತಿದ್ದರು. ಏಳು ತಿಂಗಳ ಅಲೆದಾಟ ತಪ್ಪುತ್ತಿತ್ತು, ಅಲ್ವಾ?

ಎರಡನೇ ತಪಾಸಣೆಗೆ ಹೋಗುವ ಹಿಂದಿನ ರಾತ್ರಿ ಅಪ್ಪನ ಹತ್ತಿರ ಕೂತು ಹೇಳಿದೆ. "ಅಪ್ಪಾ, ಆಗುತ್ತೆ ಅಂತ ಮಾತ್ರ ಹೇಳಿ ಸುಮ್ಮನಾಗಬೇಡಿ. ಹೇಗೆ ಆಗುತ್ತೆ ಅಂತಾನೂ ಹೇಳಿ." ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಾಚಿಕೆ ಆಗುತ್ತಪ್ಪ" ಅಂದರು.

ಮರುದಿನ ಬೇರೆ ಡಾಕ್ಟರು ಇದ್ದರು. ಟೇಪು ಹಿಡಿದು ಎರಡೂ ಕಾಲಿನ ಉದ್ದ ಅಳೆದರು. ಮೆಟ್ಟಿಲ ಹತ್ತಿರ ಕರೆದುಕೊಂಡು ಹೋದರು. ಅಪ್ಪ ಮೂರನೇ ಮೆಟ್ಟಿಲಲ್ಲಿ ನಿಂತು, ತೊಡೆ ಮೇಲಿನ ಕೈಯನ್ನು ತಾವಾಗಿಯೇ ತೋರಿಸಿ, "ಇದನ್ನ ಬಿಟ್ಟರೆ ಬೀಳ್ತೀನಿ ಸಾರ್" ಅಂದರು.

ಹೊಸ ಸರ್ಟಿಫಿಕೇಟಿನಲ್ಲಿ ಬಲಗಾಲು ಅಂತ ಇದೆ. ಶೇ. 54. ಪೆನ್ಷನ್ ಇನ್ನೂ ಶುರುವಾಗಿಲ್ಲ, ಅರ್ಜಿ ತಾಲ್ಲೂಕು ಕಚೇರಿಯಲ್ಲಿದೆ. ಸೋಮವಾರ ಅಪ್ಪನ ಜೊತೆ ಮತ್ತೆ ಹೋಗುತ್ತಿದ್ದೇನೆ.