ಎಲ್ಲರೂ ಪಲ್ಲಕ್ಕಿ ಏರಿದರೆ ಹೊರುವವರು ಯಾರು?

ನಮಸ್ಕಾರ ಗೆಳೆಯರೇ. ಇವತ್ತು ಒಂದು ದೃಶ್ಯದಿಂದ ಶುರು ಮಾಡುತ್ತೇನೆ. ನೀವೂ ನೋಡಿರುತ್ತೀರಿ.

2025ರ ಮೇ 31. ಮ್ಯೂನಿಕ್‌ನಲ್ಲಿ ಯುರೋಪಿನ ಕ್ಲಬ್‌ಗಳ ಫುಟ್ಬಾಲ್ ಟೂರ್ನಿ ಚಾಂಪಿಯನ್ಸ್ ಲೀಗ್‌ನ ಫೈನಲ್. ಇಂಟರ್ ಮಿಲಾನ್ ಗೋಲ್‌ಕೀಪರ್ ಯಾನ್ ಸೊಮ್ಮರ್ ಚೆಂಡು ಇಟ್ಟುಕೊಂಡು ಗೋಲ್ ಕಿಕ್ ಹೊಡೆಯಲು ನಿಂತಿದ್ದಾನೆ. ಗೋಲಿನ ಮುಂದಿನ ಬಾಕ್ಸ್‌ನ ಗೆರೆಯ ಹತ್ತಿರ ಪಿಎಸ್‌ಜಿಯ, ಅಂದರೆ ಪ್ಯಾರಿಸ್ ಸೇಂಟ್ ಜರ್ಮೇನ್ ಕ್ಲಬ್ಬಿನ ಉಸ್ಮಾನ್ ಡೆಂಬೆಲೆ. ಮೈ ಮುಂದಕ್ಕೆ ಬಾಗಿದೆ. ಕಣ್ಣು ಕೀಪರ್ ಮೇಲಿಂದ ಕದಲುತ್ತಿಲ್ಲ. ಕಬಡ್ಡಿಯಲ್ಲಿ ರೈಡರ್ ಒಳಗೆ ಬಂದಾಗ ಮೂಲೆಯಲ್ಲಿ ನಿಂತವನು ಅವನ ಕಾಲನ್ನೇ ನೋಡುತ್ತಿರುತ್ತಾನಲ್ಲ, ಥೇಟ್ ಹಾಗೆ. ಸೊಮ್ಮರ್ ಎಡಕ್ಕೆ ಕೊಡಲೋ ಬಲಕ್ಕೆ ಕೊಡಲೋ ಎಂದು ನೋಡುತ್ತಾನೆ. ಎರಡೂ ಕಡೆ ದಾರಿ ಇಲ್ಲ.

ಆ ರಾತ್ರಿ ಡೆಂಬೆಲೆ ಒಂದು ಗೋಲೂ ಹೊಡೆಯಲಿಲ್ಲ. ಪಿಎಸ್‌ಜಿ 5-0ರಲ್ಲಿ ಗೆದ್ದಿತು. ಈ ಕಪ್‌ನ ಫೈನಲ್‌ಗಳಲ್ಲಿ ಅಷ್ಟು ದೊಡ್ಡ ಅಂತರದ ಗೆಲುವು ಅದಕ್ಕೂ ಮೊದಲು ಯಾರಿಗೂ ಸಿಕ್ಕಿರಲಿಲ್ಲ. ಆದರೆ ನನ್ನ ತಲೆಯಲ್ಲಿ ಕೂತಿರುವುದು ಆ ಐದು ಗೋಲಲ್ಲ, ಅವನು ನಿಂತ ರೀತಿ.

ಮೊದಲೇ ಹೇಳಿಬಿಡುತ್ತೇನೆ, ನಾನು ಪಿಎಸ್‌ಜಿ ಅಭಿಮಾನಿ ಅಲ್ಲ. ಬಾರ್ಸಿಲೋನಾ ನನ್ನ ಟೀಂ. ಮೆಸ್ಸಿ ಆಟ ನೋಡುತ್ತಲೇ ಫುಟ್ಬಾಲ್ ಹುಚ್ಚು ಹಿಡಿಸಿಕೊಂಡವನು ನಾನು. 2017ರಲ್ಲಿ ಇದೇ ಪಿಎಸ್‌ಜಿ ಪ್ಯಾರಿಸ್‌ನಲ್ಲಿ ನಮಗೆ 4-0 ಹೊಡೆದು, ಆಮೇಲೆ ನಮ್ಮ ಮನೆಗೆ ಬಂದು 6-1ರಲ್ಲಿ ಸೋತಿತಲ್ಲ, ಆ ರಾತ್ರಿ ಸೆರ್ಜಿ ರಾಬರ್ಟೊ ಕೊನೇ ಗಳಿಗೆಯ ಗೋಲು ಹೊಡೆದಾಗ ನಾನು ಹಾಕಿದ ಕೂಗಿಗೆ ಪಕ್ಕದ ಮನೆಯವರು ಎದ್ದು ಲೈಟ್ ಹಾಕಿದ್ದರು. ಅವತ್ತು ಬಾರ್ಸಿಲೋನಾ ಕೋಚ್ ಯಾರು ಗೊತ್ತಲ್ವಾ? ಲೂಯಿಸ್ ಎನ್ರಿಕೆ. ಎಂಟು ವರ್ಷದ ನಂತರ ಪಿಎಸ್‌ಜಿಗೆ ಮೊದಲ ಚಾಂಪಿಯನ್ಸ್ ಲೀಗ್ ಗೆದ್ದುಕೊಟ್ಟವರೂ ಅವರೇ.

ಆ 6-1 ಆದ ಐದೇ ತಿಂಗಳಿಗೆ ಪಿಎಸ್‌ಜಿ ನಮ್ಮ ನೇಮಾರ್‌ನನ್ನು 222 ಮಿಲಿಯನ್ ಯೂರೋ ಕೊಟ್ಟು ಎತ್ತಿಕೊಂಡು ಹೋಯಿತು. ನೇಮಾರ್ ಬಿಟ್ಟುಹೋದ ಜಾಗಕ್ಕೆಂದೇ ಬಾರ್ಸಿಲೋನಾ ಡಾರ್ಟ್‌ಮುಂಡ್‌ನಿಂದ ತಂದದ್ದು ಇದೇ ಡೆಂಬೆಲೆಯನ್ನು. ಗಾಯದಿಂದ ಗಾಯಕ್ಕೆ ಅವನು ನಮ್ಮಲ್ಲಿ ಕಳೆದ ವರ್ಷಗಳನ್ನು ನೆನೆದರೆ ಈಗಲೂ ಸಂಕಟ ಆಗುತ್ತದೆ. ಆಮೇಲೆ 2021ರ ಆಗಸ್ಟ್. ಮೆಸ್ಸಿ ಪತ್ರಿಕಾಗೋಷ್ಠಿಯಲ್ಲಿ ಕಣ್ಣು ಒರೆಸಿಕೊಳ್ಳುತ್ತಾ ಬಾರ್ಸಿಲೋನಾಗೆ ವಿದಾಯ ಹೇಳಿದ. ನಾನೂ ಅತ್ತೆ. ಅವನ ಹಿಂದೆಯೇ ಹೋಗಿ ಪಿಎಸ್‌ಜಿ ಮ್ಯಾಚ್ ನೋಡಲು ಶುರು ಮಾಡಿದೆ. ನಾನು ಪ್ಯಾರಿಸ್ ತಲುಪಿದ್ದು ಹೀಗೆ.

ಆಗ ಆ ಟೀಂ ಹೇಗಿತ್ತು? ಮುಂದೆ ಮೆಸ್ಸಿ, ನೇಮಾರ್, ಎಂಬಾಪೆ. ಕಾಗದದ ಮೇಲೆ ಅಂಥ ಮೂವರು ಬೇರೆಲ್ಲೂ ಇರಲಿಲ್ಲ. ಎರಡು ಸೀಸನ್ ಒಟ್ಟಿಗೆ ಆಡಿದರು. ಎರಡೂ ಸಲ ಚಾಂಪಿಯನ್ಸ್ ಲೀಗ್‌ನಲ್ಲಿ 16 ಟೀಂ ಉಳಿದ ಘಟ್ಟದಲ್ಲೇ ಮನೆಗೆ ಹೋದರು.

ಯಾಕೆ ಹೀಗಾಯಿತು ಎಂಬುದಕ್ಕೆ ನನ್ನ ಹತ್ತಿರ ಒಂದೇ ಉತ್ತರ ಇದೆ. ನಮ್ಮ ಹಿರಿಯರ ಮಾತು: ಎಲ್ಲರೂ ಪಲ್ಲಕ್ಕಿ ಏರಿದರೆ ಹೊರುವವರು ಯಾರು?

2022ರ ಮಾರ್ಚ್ 9ರ ರಾತ್ರಿ, ಮ್ಯಾಡ್ರಿಡ್. ಎದುರಾಳಿ ರಿಯಲ್ ಮ್ಯಾಡ್ರಿಡ್. ಎರಡು ಮ್ಯಾಚ್‌ಗಳಲ್ಲಿ ಮೊದಲನೆಯದನ್ನು ಪಿಎಸ್‌ಜಿ 1-0 ಗೆದ್ದಿತ್ತು. ಇಲ್ಲಿಯೂ ಎಂಬಾಪೆ ಒಂದು ಹೊಡೆದ. ಒಟ್ಟು 2-0. ಗಂಟೆ ಕಳೆಯುವ ತನಕ ಎಲ್ಲವೂ ಕೈಯಲ್ಲೇ ಇತ್ತು. ಆಗ ಚೆಂಡು ಪಿಎಸ್‌ಜಿ ಕೀಪರ್ ಡೊನ್ನರುಮ್ಮಾ ಕಾಲಿಗೆ ಬರುತ್ತದೆ. ಅವನ ಮೇಲೆ ಓಡಿ ಬಂದದ್ದು ಯಾರು? ಯಾವುದೋ 20 ವರ್ಷದ ಹುಡುಗ ಅಲ್ಲ. ಕರೀಂ ಬೆಂಜೆಮಾ. ಆಗ 34 ವರ್ಷ. ಮ್ಯಾಡ್ರಿಡ್‌ನ ದೊಡ್ಡ ಹೆಸರು ಅವನೇ. ಆ ಓಟಕ್ಕೆ ಗಾಬರಿಯಾಗಿ ಡೊನ್ನರುಮ್ಮಾ ಚೆಂಡು ಕಳೆದುಕೊಂಡ. ಚೆಂಡು ವಿನಿಸಿಯಸ್‌ಗೆ, ಅಲ್ಲಿಂದ ವಾಪಸ್ ಬೆಂಜೆಮಾಗೆ, ಗೋಲು. ಅದಾದ ಮೇಲೆ ಇನ್ನೂ ಎರಡು. 17 ನಿಮಿಷದಲ್ಲಿ ಹ್ಯಾಟ್ರಿಕ್. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಕೀಪರ್ ಮೇಲೆ ಹಾಗೆ ಓಡಿದರೆ ಹತ್ತರಲ್ಲಿ ಒಂಬತ್ತು ಸಲ ಏನೂ ಸಿಗುವುದಿಲ್ಲ. ಆದರೂ ಓಡಬೇಕು. ದೊಡ್ಡ ಹೆಸರಿನವನೇ ಓಡಿದರೆ ಹಿಂದಿನ ಒಂಬತ್ತು ಮಂದಿಗೆ ನಿಲ್ಲಲು ಮನಸ್ಸು ಬರುವುದಿಲ್ಲ.

ಚೆಂಡು ಎದುರಾಳಿಯ ಹತ್ತಿರ ಇದ್ದಾಗ ಎಲ್ಲರೂ ಸೇರಿ ಮೇಲೆ ಬೀಳುವ ಈ ಪ್ರೆಸ್ಸಿಂಗ್ ಅನ್ನುವುದು ಕಬಡ್ಡಿಯ ಸರಪಳಿ ಹಿಡಿತದ ಹಾಗೆ. ಪಕ್ಕದವನ ಕೈ ಹಿಡಿದೇ ಮುಂದೆ ಹೋಗಬೇಕು. ಒಬ್ಬ ಕೈ ಬಿಟ್ಟರೆ ರೈಡರ್ ಅಲ್ಲಿಂದಲೇ ನುಸುಳುತ್ತಾನೆ. ಕೀಪರ್ ಬಿಟ್ಟರೆ ಮೈದಾನದಲ್ಲಿ ಹತ್ತು ಮಂದಿ. ಅದರಲ್ಲಿ ಮೂವರು ನಡೆಯುತ್ತಿದ್ದರೆ ಉಳಿದ ಏಳು ಮಂದಿ ಹತ್ತು ಜನರ ಕೆಲಸ ಮಾಡಬೇಕು. ಆ ಏಳರಲ್ಲಿ ಒಬ್ಬ ಮಿಡ್‌ಫೀಲ್ಡರ್ ಮಾರ್ಕೊ ವೆರಾಟ್ಟಿ. ಅವನು ಆ ಎರಡು ವರ್ಷ ಎಡಕ್ಕೆ ಓಡಿ, ಬಲಕ್ಕೆ ಓಡಿ, ಕೊನೆಗೆ ಸುಸ್ತಾಗಿ ಫೌಲ್ ಮಾಡುತ್ತಿದ್ದುದನ್ನು ನೋಡಿದರೆ ಪಾಪ ಅನ್ನಿಸುತ್ತಿತ್ತು.

ಹಾಗಾದರೆ ಮೆಸ್ಸಿ ಸೋಮಾರಿಯೇ? ಖಂಡಿತ ಅಲ್ಲ. ಈ ಮಾತು ಕೇಳಿದರೆ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ. 35ರ ವಯಸ್ಸಿನಲ್ಲಿ ಅವನು ನಡೆಯುತ್ತಲೇ ಮೈದಾನ ಓದುತ್ತಿದ್ದ. ಅದೇ 2022ರ ಡಿಸೆಂಬರ್‌ನಲ್ಲಿ ಕತಾರ್‌ನಲ್ಲಿ ವಿಶ್ವಕಪ್ ಎತ್ತಿದ್ದು ಅದೇ ಮೆಸ್ಸಿ ತಾನೇ? ಅಲ್ಲಿ ಅರ್ಜೆಂಟೀನಾ ಟೀಂನಲ್ಲಿ ಅವನಿಗಾಗಿ ಡಿ ಪಾಲ್ ಓಡಿದ, ಎನ್ಜೊ ಫರ್ನಾಂಡಿಸ್ ಓಡಿದ, ಮ್ಯಾಕ್ ಅಲಿಸ್ಟರ್ ಓಡಿದ. ಹೂಲಿಯಾನ್ ಅಲ್ವಾರೆಜ್ ಅಂತೂ ಉಸಿರು ಬಿಡದೆ ಓಡಿದ. ಪಲ್ಲಕ್ಕಿಯಲ್ಲಿ ಒಬ್ಬ, ಹೊರುವವರು ಒಂಬತ್ತು ಮಂದಿ. ಅದು ನಡೆಯುತ್ತದೆ. ಪ್ಯಾರಿಸ್‌ನಲ್ಲಿ ಪಲ್ಲಕ್ಕಿಯೊಳಗೆ ಮೂವರನ್ನು ಕೂರಿಸಿದರು. ತಪ್ಪು ಕೂತವರದ್ದಲ್ಲ, ಕೂರಿಸಿದವರದ್ದು. ಕೊನೆಗೆ ಪ್ಯಾರಿಸ್ ಅಭಿಮಾನಿಗಳೇ ಮೆಸ್ಸಿಗೆ ಶಿಳ್ಳೆ ಹೊಡೆದು ಅವಮಾನ ಮಾಡಿದಾಗ ನನಗೆ ತಡೆಯಲು ಆಗಲಿಲ್ಲ. ಅದನ್ನು ನಾನು ಇನ್ನೂ ಮರೆತಿಲ್ಲ.

2023ರಲ್ಲಿ ಎನ್ರಿಕೆ ಬಂದರು. ಮೆಸ್ಸಿ ಹೋದ, ನೇಮಾರ್ ಹೋದ. ಬಾರ್ಸಿಲೋನಾದಿಂದ ಡೆಂಬೆಲೆ ಬಂದ. ಆ ಮೂವರಲ್ಲಿ ಎಂಬಾಪೆ ಒಬ್ಬ ಉಳಿದ. ಒಂದು ಸಾಕ್ಷ್ಯಚಿತ್ರದಲ್ಲಿ ಎನ್ರಿಕೆ ಅವನನ್ನು ಕೂರಿಸಿಕೊಂಡು ಬಾಸ್ಕೆಟ್‌ಬಾಲ್‌ನ ಮೈಕೆಲ್ ಜೋರ್ಡನ್ ಉದಾಹರಣೆ ಕೊಡುವ ದೃಶ್ಯ ಇದೆ. ಜೋರ್ಡನ್‌ನಂಥವನೂ ಡಿಫೆನ್ಸ್‌ಗೆ ಮೊದಲು ತಾನೇ ಇಳಿಯುತ್ತಿದ್ದ, ನೀನೂ ಹಾಗೆ ಮಾಡಬೇಕು ಎಂದು ಬಿಡಿಸಿ ಹೇಳುತ್ತಾರೆ. ಅಪ್ಪ ಮಗನಿಗೆ ಹೇಳುವ ಹಾಗಿದೆ. ಆ ವರ್ಷ ಸೆಮಿಫೈನಲ್‌ನಲ್ಲಿ ಡಾರ್ಟ್‌ಮುಂಡ್ ಎದುರು ಸೋತರು. 2024ರಲ್ಲಿ ಎಂಬಾಪೆಯೂ ಒಂದು ಪೈಸೆ ಟ್ರಾನ್ಸ್‌ಫರ್ ಹಣ ತಾರದೆ ಮ್ಯಾಡ್ರಿಡ್‌ಗೆ ಹೋದ. ಪಿಎಸ್‌ಜಿ ಕಥೆ ಮುಗಿಯಿತು ಎಂದವರಲ್ಲಿ ನಾನೂ ಇದ್ದೆ. ಎನ್ರಿಕೆ ಮಾತ್ರ ಮುಂದಿನ ವರ್ಷ ಟೀಂ ಇನ್ನೂ ಚೆನ್ನಾಗಿರುತ್ತದೆ ಅಂದಿದ್ದರು.

ಶುರುವಿನಲ್ಲಿ ಹಾಗೇನೂ ಕಾಣಲಿಲ್ಲ. ಆರ್ಸೆನಲ್ ಎದುರು ಸೋಲು, ಅಟ್ಲೆಟಿಕೊ ಎದುರು ಸೋಲು, ಬಯರ್ನ್ ಎದುರು ಸೋಲು. ಆರ್ಸೆನಲ್ ಮ್ಯಾಚ್‌ಗೆ ಡೆಂಬೆಲೆಯನ್ನು ಕರೆದುಕೊಂಡೇ ಹೋಗಿರಲಿಲ್ಲ. ಟೀಂಗೆ ಬೇಕಾದ ಶಿಸ್ತು ಇಲ್ಲದಿದ್ದರೆ ಜಾಗ ಇಲ್ಲ ಅಂದುಬಿಟ್ಟರು ಕೋಚ್. ಈ ನಿರ್ಧಾರದಿಂದಲೇ ಎಲ್ಲ ತಿರುಗಿತು ಎನ್ನುವುದು ನನ್ನ ಅಭಿಪ್ರಾಯ. ಉಳಿದವರಲ್ಲಿ ದೊಡ್ಡ ಹೆಸರು ಅವನದೇ. ಅವನಿಗೇ ವಿನಾಯಿತಿ ಇಲ್ಲ ಅಂದರೆ ಬೇರೆಯವರಿಗೆ ಎಲ್ಲಿದೆ?

2025ರ ಜನವರಿ 22. ಪ್ಯಾರಿಸ್‌ನಲ್ಲಿ ಜೋರು ಮಳೆ. ಮ್ಯಾಂಚೆಸ್ಟರ್ ಸಿಟಿ 2-0 ಮುಂದೆ. ಸೋತರೆ ಟೂರ್ನಿಯಿಂದಲೇ ಹೊರಗೆ ಬೀಳುವ ಭಯ. ಹಾಫ್‌ಟೈಮ್‌ನಲ್ಲಿ ಇಳಿದಿದ್ದ ಡೆಂಬೆಲೆ ನಮ್ಮ ಕಡೆಯ ಮೊದಲ ಗೋಲು ಹೊಡೆದ. ಆಮೇಲೆ ಬಾರ್ಕೊಲಾ, ಜೊವಾವ್ ನೆವೆಸ್, ಗೊನ್ಸಾಲೊ ರಾಮೋಸ್. 4-2. ಆ ಎರಡನೇ ಅರ್ಧದಲ್ಲಿ ಸಿಟಿಯವರಿಗೆ ಮೂರು ಪಾಸ್ ನೆಟ್ಟಗೆ ಮಾಡಲು ಬಿಡುತ್ತಿರಲಿಲ್ಲ. ಎಲ್ಲಿ ನೋಡಿದರೂ ಒಬ್ಬ ಓಡಿಬರುತ್ತಿದ್ದ. ನಾನು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಅಡುಗೆಮನೆ ಕಟ್ಟೆಯ ಮೇಲೆ ಫೋನ್ ಇಟ್ಟು ನೋಡುತ್ತಿದ್ದೆ. ನಮ್ಮಲ್ಲಿ ಮಧ್ಯರಾತ್ರಿ ದಾಟಿದ ಮೇಲೆ ತಾನೇ ಈ ಮ್ಯಾಚ್‌ಗಳು ಶುರುವಾಗುವುದು. ಕೂರಲು ಆಗದೆ ನಿಂತೇ ನೋಡಿದೆ. ಅವತ್ತಿನಿಂದ ಈ ಟೀಂ ನನಗೆ ಇಷ್ಟವಾಯಿತು.

ಆಮೇಲೆ ಲಿವರ್‌ಪೂಲ್ ಅನ್ನು ಅವರದೇ ಮೈದಾನ ಆನ್‌ಫೀಲ್ಡ್‌ನಲ್ಲಿ ಪೆನಾಲ್ಟಿಯಲ್ಲಿ, ನಂತರ ಆಸ್ಟನ್ ವಿಲ್ಲಾ, ಆರ್ಸೆನಲ್. ಹೀಗೆ ಮೂರು ಇಂಗ್ಲಿಷ್ ಟೀಂಗಳನ್ನು ದಾಟಿ ಮ್ಯೂನಿಕ್.

ಫೈನಲ್‌ನ ಮೊದಲ ಕಿಕ್ ನೆನಪಿದೆಯಾ? ಪಿಎಸ್‌ಜಿಯ ವಿಟಿನ್ಯಾ ಚೆಂಡನ್ನು ಹಿಂದಕ್ಕೆ ಆಡಲಿಲ್ಲ. ಬೇಕೆಂದೇ ಇಂಟರ್ ಮೂಲೆಯ ಹತ್ತಿರ ಹೊರಗೆ ಹೊಡೆದ. ಚೆಂಡನ್ನು ಜಾಸ್ತಿ ಹೊತ್ತು ತಮ್ಮಲ್ಲೇ ಇಟ್ಟುಕೊಳ್ಳುವ ಟೀಂ ಅದನ್ನು ಸುಮ್ನೆ ಎದುರಾಳಿಗೆ ಕೊಟ್ಟುಬಿಟ್ಟಿತು. ಥ್ರೋ ತಗೊಳ್ಳಿ, ಅಲ್ಲಿಂದ ಹೇಗೆ ಹೊರಗೆ ಬರುತ್ತೀರೋ ನೋಡೋಣ ಅನ್ನುವ ಹಾಗೆ. 12ನೇ ನಿಮಿಷಕ್ಕೆ ಹಕೀಮಿ, 20ನೇ ನಿಮಿಷಕ್ಕೆ ಡೂಯೆ. ಹಕೀಮಿ ಹಿಂದೆ ಇಂಟರ್‌ನಲ್ಲಿ ಆಡಿದವನು, ಗೋಲು ಹೊಡೆದು ಕೈಮುಗಿದು ಕ್ಷಮೆ ಕೇಳುವಂತೆ ನಿಂತ. ಡೂಯೆಗೆ ಇನ್ನೂ 19. ಎರಡು ಗೋಲು, ಒಂದು ಅಸಿಸ್ಟ್. ಕೊನೆಯ ಗೋಲು ಹೊಡೆದ ಸೆನಿ ಮಯುಲು ಕೂಡ 19ರ ಹುಡುಗ, ಕ್ಲಬ್ಬಿನ ಅಕಾಡೆಮಿಯಲ್ಲೇ ಬೆಳೆದವನು. ನಮ್ಮ ಬಾರ್ಸಿಲೋನಾವನ್ನು ಸೆಮಿಫೈನಲ್‌ನಲ್ಲಿ 7-6ರಲ್ಲಿ ದಾಟಿ ಬಂದ ಇಂಟರ್ ಆ ರಾತ್ರಿ ಉಸಿರಾಡಲೂ ಒದ್ದಾಡಿತು. 37ರ ಅಚೆರ್ಬಿ, 36ರ ಮ್ಖಿತಾರ್ಯಾನ್. ಅವರ ಮುಖದಲ್ಲಿದ್ದ ದಣಿವು ನೋಡಿ ನನಗೆ ಸೇಡು ತೀರಿದ ಖುಷಿ ಆಗಲಿಲ್ಲ, ಬೇಜಾರಾಯಿತು.

ಈಗ ನೀವು ಕೇಳಬಹುದು: ದುಡ್ಡಿದ್ದರೆ ಯಾರು ಬೇಕಾದರೂ ಗೆಲ್ಲುತ್ತಾರೆ, ಕತಾರ್ ಹಣ ತಾನೇ ಇದು? ನಿಜ. ಇದನ್ನು ಬಡ ಕ್ಲಬ್ಬಿನ ಕಥೆ ಮಾಡಲು ನಾನು ಒಪ್ಪುವುದಿಲ್ಲ. ಕ್ವಾರಾಟ್ಸ್‌ಖೆಲಿಯಾ ಒಬ್ಬನಿಗೇ ಸುಮಾರು 70 ಮಿಲಿಯನ್ ಯೂರೋ ಕೊಟ್ಟು ಜನವರಿಯಲ್ಲಿ ತಂದರು. ಆದರೆ ದುಡ್ಡು ಕತಾರ್‌ನವರು ಕ್ಲಬ್ ಕೊಂಡ 2011ರಿಂದಲೂ ಇತ್ತಲ್ಲ? ನೇಮಾರ್‌ನನ್ನು ತಂದಾಗಲೂ ಇತ್ತು. ಗೆದ್ದದ್ದು ಮಾತ್ರ ಆ ದುಡ್ಡಿನಲ್ಲಿ ಓಡುವವರನ್ನು ತಂದಾಗ. ಕ್ವಾರಾ ವಿಂಗರ್, ಅಂದರೆ ಮೈದಾನದ ಅಂಚಿನಿಂದ ದಾಳಿ ಮಾಡುವವನು. ಆದರೆ ಆ ಫೈನಲ್‌ನಲ್ಲಿ 4-0 ಆದ ಮೇಲೂ ಅವನು ತನ್ನ ಬಾಕ್ಸ್‌ವರೆಗೆ ಓಡಿ ಬರುತ್ತಿದ್ದ. ನಾನು ಆಮೇಲೆ ಎರಡು ಸಲ ಆ ಮ್ಯಾಚ್ ಪೂರ್ತಿ ನೋಡಿದ್ದೇನೆ, ಅವನನ್ನೇ ನೋಡುತ್ತಾ.

ಒಂದು ವಿಷಯ ಮಾತ್ರ ನನಗೆ ಇನ್ನೂ ಜೀರ್ಣ ಆಗಿಲ್ಲ. ಡೊನ್ನರುಮ್ಮಾ. ಆನ್‌ಫೀಲ್ಡ್‌ನಲ್ಲಿ ನೂನ್ಯೆಸ್ ಮತ್ತು ಕರ್ಟಿಸ್ ಜೋನ್ಸ್ ಪೆನಾಲ್ಟಿ ತಡೆದವನು ಅವನು. ಅವನಿಲ್ಲದೆ ಮ್ಯೂನಿಕ್ ಇರಲಿಲ್ಲ. ಕಪ್ ಗೆದ್ದು ಮೂರು ತಿಂಗಳಾಗುವ ಮೊದಲೇ ಅವನನ್ನು ಪಕ್ಕಕ್ಕೆ ಸರಿಸಿದರು, ಅವನು ಸಿಟಿಗೆ ಹೋದ. ತಮಗೆ ಬೇರೆ ಥರದ ಕೀಪರ್ ಬೇಕು, ಇದು ತಮ್ಮದೇ ನಿರ್ಧಾರ ಎಂದರು ಎನ್ರಿಕೆ. ಕಾಲಿನಲ್ಲಿ ಆಡುವ ಕೀಪರ್ ಬೇಕಿತ್ತು, ತರ್ಕ ಸರಿ ಇರಬಹುದು. ಆದರೆ ಭುಜ ಕೊಟ್ಟು ಹೊತ್ತವನನ್ನು ಇಳಿಸಿದ ರೀತಿ ಸರಿ ಇರಲಿಲ್ಲ.

ಇದಕ್ಕೂ ಮೊದಲು, 2025ರ ಜುಲೈನಲ್ಲಿ, ಅಮೆರಿಕದಲ್ಲಿ ಕ್ಲಬ್ ವಿಶ್ವಕಪ್. ಸೆಮಿಫೈನಲ್‌ನಲ್ಲಿ ಎಂಬಾಪೆಯ ರಿಯಲ್ ಮ್ಯಾಡ್ರಿಡ್‌ಗೆ ಪಿಎಸ್‌ಜಿ 4-0 ಹೊಡೆಯಿತು. ಒಂಬತ್ತೇ ನಿಮಿಷಕ್ಕೆ 2-0. ಎರಡನೆಯದು ಡಿಫೆಂಡರ್ ಹೊಡೆಯಲು ತಪ್ಪಿದ ಚೆಂಡನ್ನು ಡೆಂಬೆಲೆ ಕಸಿದು ಹೊಡೆದ ಗೋಲು. ಫೈನಲ್‌ನಲ್ಲಿ ಚೆಲ್ಸಿ ಎದುರು 3-0 ಸೋತರು, ಕೋಲ್ ಪಾಮರ್ ಅವತ್ತು ಅದ್ಭುತವಾಗಿ ಆಡಿದ. ಸೆಪ್ಟೆಂಬರ್‌ನಲ್ಲಿ ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಬ್ಯಾಲನ್ ಡಿಓರ್ ಡೆಂಬೆಲೆಗೆ ಬಂತು. ನಮ್ಮ ಲಮೀನ್ ಯಮಾಲ್‌ಗೆ ಬರಬೇಕಿತ್ತು ಎಂದು ನನ್ನ ಬಾರ್ಸಿಲೋನಾ ಗೆಳೆಯರೆಲ್ಲ ಜಗಳ ಆಡಿದರು. ನಾನು ಡೆಂಬೆಲೆ ಪರ ನಿಂತೆ. ಅವನು ಆ ಸೀಸನ್‌ನಲ್ಲಿ 35 ಗೋಲು ಹೊಡೆದದ್ದಕ್ಕಲ್ಲ, ಸೊಮ್ಮರ್ ಎದುರು ಹಾಗೆ ಬಾಗಿ ನಿಂತದ್ದಕ್ಕೆ.

ಮ್ಯೂನಿಕ್ ಮ್ಯಾಚ್ ಮುಗಿದಾಗ ನಮ್ಮಲ್ಲಿ ಬೆಳಗಿನ ಜಾವ ಎರಡು ಗಂಟೆ ದಾಟಿತ್ತು. ಪ್ಯಾರಿಸ್ ಅಭಿಮಾನಿಗಳು ಸ್ಟ್ಯಾಂಡ್‌ನಲ್ಲಿ ಒಂದು ದೊಡ್ಡ ಬಟ್ಟೆ ಬಿಚ್ಚಿದರು. ಅದರಲ್ಲಿ ಯಾವ ಆಟಗಾರನ ಚಿತ್ರವೂ ಇರಲಿಲ್ಲ. ಎನ್ರಿಕೆ ಮತ್ತು ಅವರ ಮಗಳು ಕ್ಸಾನಾ ಮೈದಾನದಲ್ಲಿ ಪಿಎಸ್‌ಜಿ ಬಾವುಟ ನೆಡುತ್ತಿರುವ ಚಿತ್ರ. 2015ರಲ್ಲಿ ಬಾರ್ಸಿಲೋನಾ ಬರ್ಲಿನ್‌ನಲ್ಲಿ ಗೆದ್ದಾಗ ಆ ಮಗು ಅಪ್ಪನ ಜೊತೆ ನಿಜವಾಗಿಯೂ ಹಾಗೆ ಬಾವುಟ ನೆಟ್ಟಿತ್ತು. 2019ರಲ್ಲಿ ಮೂಳೆ ಕ್ಯಾನ್ಸರ್‌ನಿಂದ ತೀರಿಕೊಂಡಿತು, ಒಂಬತ್ತು ವರ್ಷ. ಎನ್ರಿಕೆ ಮ್ಯೂನಿಕ್‌ನಲ್ಲಿ ಅದೇ ಚಿತ್ರ ಇದ್ದ ಟೀ ಶರ್ಟ್ ಹಾಕಿಕೊಂಡು ಮೈದಾನದಲ್ಲಿ ನಿಂತಿದ್ದರು. ಮೆಸ್ಸಿಗೆ ಶಿಳ್ಳೆ ಹೊಡೆದ ಆ ಸ್ಟ್ಯಾಂಡ್ ಮೇಲಿದ್ದ ನನ್ನ ಸಿಟ್ಟು ಅವತ್ತು ಅರ್ಧ ಇಳಿಯಿತು. ಫೋನ್‌ನಲ್ಲಿ ನಾಲ್ಕು ಪರ್ಸೆಂಟ್ ಚಾರ್ಜ್ ಉಳಿದಿತ್ತು. ಚಾರ್ಜರ್ ತರಲು ಏಳಲಿಲ್ಲ. ಅದು ಆರುವ ತನಕ ಆ ಬಟ್ಟೆಯನ್ನೇ ನೋಡುತ್ತಾ ಕೂತಿದ್ದೆ.