ಮುಚ್ಚಳಿಕೆ ಬರೆದುಕೊಟ್ಟ ನಾಟಕಕಾರ

ಕೇಳುಗರಿಗೆಲ್ಲ ನಮಸ್ಕಾರ. ಇವತ್ತು ರಾಬರ್ಟ್ ಬೋಲ್ಟ್ ಬಗ್ಗೆ ಮಾತಾಡೋಣ. ಹೆಸರು ಕೇಳಿಲ್ಲ ಅಂದ್ರೂ ಲಾರೆನ್ಸ್ ಆಫ್ ಅರೇಬಿಯಾ, ಡಾಕ್ಟರ್ ಜಿವಾಗೊ ಸಿನಿಮಾ ನೋಡಿರ್ತೀರಿ, ಎರಡರ ಚಿತ್ರಕಥೆಯಲ್ಲೂ ಇವರ ಕೈ ಇದೆ. ಸಿನಿಮಾ ವಿಷಯ ಆಮೇಲೆ ನೋಡೋಣ, ನಾನು ಬಂದಿರೋದು ನಾಟಕದ ಬೋಲ್ಟ್ ಬಗ್ಗೆ ಹೇಳೋಕೆ.

ಹವ್ಯಾಸಿ ತಂಡ ಕಟ್ಕೊಂಡು ಐತಿಹಾಸಿಕ ನಾಟಕ ಆಡೋರು, ಕಾಲೇಜ್ ಡೇಗೆ ನಾಟಕ ಬರೆಯೋ ಹುಡುಗ ಹುಡುಗೀರು, ನೀವು ಕೇಳ್ತಿದ್ದೀರಿ ಅಂದ್ಕೊಂಡೇ ಹೇಳ್ತಿದ್ದೀನಿ. ಕಿರೀಟ, ಕತ್ತಿ, ಡ್ರೆಸ್ ಬಾಡಿಗೆ ಎಷ್ಟಾಗುತ್ತೆ ಅನ್ನೋ ಯೋಚನೆ ಬದಿಗಿಡಿ. ನಿಮ್ಮ ನಾಯಕನ ಮುಂದೆ ಒಂದು ಕಾಗದ ಇಡಿ, ಕೈಗೆ ಲೇಖನಿ ಕೊಡಿ. ಸಹಿ ಹಾಕ್ತಾನಾ, ಇಲ್ವಾ? ಅಲ್ಲೇ ನಾಟಕ ಇರೋದು.

ಬೋಲ್ಟ್ ಹುಟ್ಟಿದ್ದು 1924ರಲ್ಲಿ, ಮ್ಯಾಂಚೆಸ್ಟರ್ ಪಕ್ಕದ ಸೇಲ್ ಅನ್ನೋ ಊರಲ್ಲಿ. ಅಪ್ಪನದು ಚಿಕ್ಕ ಫರ್ನಿಚರ್ ಅಂಗಡಿ, ಅಮ್ಮ ಟೀಚರ್. ಇವರು ಮೊದಲು ಇನ್ಶೂರೆನ್ಸ್ ಆಫೀಸಲ್ಲಿ ಗುಮಾಸ್ತರು, ಆಮೇಲೆ ಯುದ್ಧದ ಕಾಲದ ಸೇನೆ, ಆಮೇಲೆ ಮೇಷ್ಟ್ರ ಕೆಲಸ. ಹಳ್ಳಿ ಶಾಲೆಯಲ್ಲಿ ಪಾಠ ಮಾಡ್ತಿದ್ದಾಗ ಕ್ರಿಸ್‌ಮಸ್‌ಗೆ ಮಕ್ಕಳಿಗೊಂದು ನಾಟಕ ಬರೆದುಕೊಡಿ ಅಂದ್ರಂತೆ, ಬರೆದ್ರು, ಅಲ್ಲಿಂದ ಹತ್ತಿದ ಹುಚ್ಚು. ಬಿಬಿಸಿ ರೇಡಿಯೋಗೆ ಬರೆಯೋಕೆ ಶುರು ಮಾಡಿದ್ರು, 1957ರಲ್ಲಿ ಫ್ಲವರಿಂಗ್ ಚೆರಿ ಅನ್ನೋ ನಾಟಕ ಲಂಡನ್‌ನಲ್ಲಿ ಗೆದ್ದಮೇಲೆ ಮೇಷ್ಟ್ರ ಕೆಲಸ ಬಿಟ್ಟರು.

ಅವರ ದೊಡ್ಡ ನಾಟಕ ಎ ಮ್ಯಾನ್ ಫಾರ್ ಆಲ್ ಸೀಸನ್ಸ್. ಅದು ಮೊದಲು ಬಂದಿದ್ದು ಬಾನುಲಿ ನಾಟಕವಾಗಿ, 1954ರಲ್ಲಿ! ರಂಗದ ಮೇಲೆ ಬಂದಿದ್ದು 1960ರ ಜುಲೈನಲ್ಲಿ. ರೇಡಿಯೋದಲ್ಲಿ ಕಿರೀಟ ಯಾರಿಗೆ ಕಾಣುತ್ತೆ ಹೇಳಿ, ಬರೀ ದನಿ. ಆ ದನಿಯಲ್ಲೇ ನಿಲ್ಲೋ ಕಥೆ ಅದು.

ಕಥೆ ಇಷ್ಟೇ. ಎಂಟನೇ ಹೆನ್ರಿಗೆ ಹೆಂಡತಿ ಕ್ಯಾಥರೀನ್‌ನ ಬಿಟ್ಟು ಆನ್ ಬೊಲಿನ್‌ನ ಮದುವೆ ಆಗ್ಬೇಕು. ಪೋಪ್ ಒಪ್ಪಲ್ಲ. ಸರಿ, ಇಂಗ್ಲೆಂಡಿನ ಚರ್ಚಿಗೆ ನಾನೇ ದೊಡ್ಡವನು ಅಂತಾನೆ ರಾಜ, ಎಲ್ಲರೂ ಪ್ರಮಾಣ ಮಾಡಿ ಅಂತಾನೆ. ಊರಿಗೂರೇ ಮಾಡುತ್ತೆ. ಚಾನ್ಸಲರ್, ಅಂದ್ರೆ ರಾಜನ ದೊಡ್ಡ ಮಂತ್ರಿ ಆಗಿದ್ದ ಥಾಮಸ್ ಮೋರ್ ಮಾತ್ರ ಮಾಡಲ್ಲ. ರಾಜನ್ನ ಬೈಯಲ್ಲ, ದಂಗೆ ಎಬ್ಬಿಸಲ್ಲ, ಕೆಲಸ ಬಿಟ್ಟು ಮನೇಲಿ ಸುಮ್ನೆ ಕೂತ್ಕೋತಾನೆ. ಆ ಸುಮ್ಮನಿರೋದನ್ನೇ ರಾಜ ಸಹಿಸಲ್ಲ. 1535ರ ಜುಲೈ 6ಕ್ಕೆ ತಲೆ ಹೋಯ್ತು.

ಜೈಲಲ್ಲಿ ಒಂದು ದೃಶ್ಯ ಇದೆ. ಮಗಳು ಮಾರ್ಗರೆಟ್ ಬಂದು ಬೇಡ್ಕೋತಾಳೆ, ಬಾಯಲ್ಲಿ ಪ್ರಮಾಣ ಮಾಡಿಬಿಡಪ್ಪ, ಮನಸ್ಸಲ್ಲಿ ಬೇರೆ ಇಟ್ಕೋ, ದೇವರಿಗೆ ಗೊತ್ತಾಗುತ್ತೆ ಅಂತ. ಯಾವ ಮನೆಯವರಾದ್ರೂ ಹೇಳೋ ಮಾತೇ ಅಲ್ವಾ. ಅವನು ಬೊಗಸೆ ಹಿಡಿದು ತೋರಿಸ್ತಾನೆ. ಪ್ರಮಾಣ ಮಾಡೋನು ತನ್ನನ್ನೇ ಬೊಗಸೆಯಲ್ಲಿ ನೀರಿನ ಥರ ಹಿಡ್ಕೊಂಡಿರ್ತಾನೆ, ಬೆರಳು ಸಡಿಲಿಸಿದ್ರೆ ಮತ್ತೆ ಸಿಗಲ್ಲ ಅನ್ನೋ ಅರ್ಥದಲ್ಲಿ ಹೇಳ್ತಾನೆ. ಇದಕ್ಕೆ ಏನ್ರೀ ಸೆಟ್ ಬೇಕು? ಎರಡು ಕೈ ಸಾಕು.

ಮೋರ್ ನಿಜವಾಗ್ಲೂ ಅಷ್ಟು ಒಳ್ಳೆಯವನಾ ಅಂತ ಪ್ರತಿ ಸಲ ಯಾರಾದ್ರೂ ಕೇಳೇ ಕೇಳ್ತಾರೆ. ದಯವಿಟ್ಟು ಆ ಪ್ರಶ್ನೆ ಇತಿಹಾಸದ ಕ್ಲಾಸಿಗೆ ಬಿಡಿ. ಬೋಲ್ಟ್‌ಗೆ ಮೋರ್‌ನ ಧರ್ಮದಲ್ಲಿ ನಂಬಿಕೆನೇ ಇರಲಿಲ್ಲ, ತಾನು ಕ್ಯಾಥೊಲಿಕ್ ಅಲ್ಲ ಅಂತ ಮುನ್ನುಡಿಯಲ್ಲಿ ಅವರೇ ಬರೆದಿದ್ದಾರೆ. ಅವರಿಗೆ ಬೇಕಾಗಿದ್ದು ಪ್ರಮಾಣ ಮಾಡದ, ಸಹಿ ಹಾಕದ ಮನುಷ್ಯ.

ಈಗ ನಾನು ಹೇಳಲೇಬೇಕಾದ ಘಟನೆ. 1961ರ ಸೆಪ್ಟೆಂಬರ್. ನಾಟಕ ಲಂಡನ್‌ನಲ್ಲಿ ತಿಂಗಳುಗಟ್ಟಲೆ ಓಡಿದೆ, ನ್ಯೂಯಾರ್ಕಿಗೆ ಹೋಗೋಕೆ ರೆಡಿಯಾಗಿದೆ. ಬೋಲ್ಟ್ ಅಣುಬಾಂಬ್ ವಿರೋಧಿ ಚಳವಳಿಯಲ್ಲಿದ್ರು, ಕಮಿಟಿ ಆಫ್ ಹಂಡ್ರೆಡ್ ಅಂತ, ತತ್ವಜ್ಞಾನಿ ಬರ್ಟ್ರಂಡ್ ರಸೆಲ್ ಮುಂದಾಳು, ರಸೆಲ್‌ಗೆ ಆಗ 89 ವರ್ಷ! ಟ್ರಫಾಲ್ಗರ್ ಸ್ಕ್ವೇರಲ್ಲಿ ಧರಣಿ ಕೂರ್ತಾರೆ ಅಂತ ಗೊತ್ತಾಗಿ ಮೊದಲೇ ಇವರನ್ನೆಲ್ಲ ಕೋರ್ಟಿಗೆ ಕರೆಸಿದ್ರು. ಇನ್ನು ಒಂದು ವರ್ಷ ಶಾಂತಿ ಕದಡಲ್ಲ ಅಂತ ಮುಚ್ಚಳಿಕೆ ಬರೆದುಕೊಟ್ಟರೆ ಮನೆಗೆ ಹೋಗಬಹುದು. ರಸೆಲ್ ಬರೆಯಲಿಲ್ಲ. ಬೋಲ್ಟೂ ಬರೆಯಲಿಲ್ಲ. ಬೋಲ್ಟ್‌ಗೆ ಒಂದು ತಿಂಗಳು ಜೈಲು.

ಯೋಚನೆ ಮಾಡಿ, ಥಾಮಸ್ ಮೋರ್‌ನ ಬರೆದವರು ಮೋರ್ ಜಾಗದಲ್ಲೇ ಕೂತಿದ್ದಾರೆ. ಆದ್ರೆ ಅದೇ ಹೊತ್ತಲ್ಲಿ ಲಾರೆನ್ಸ್ ಸಿನಿಮಾ ನಡೀತಿದೆ, ಸ್ಕ್ರಿಪ್ಟ್ ಮುಗಿದಿಲ್ಲ, ಬರೆಯೋರು ಜೈಲಲ್ಲಿ. ನಿರ್ಮಾಪಕ ಸ್ಯಾಮ್ ಸ್ಪೀಗಲ್ ಜೈಲಿಗೇ ಬಂದ, ನೀನು ಒಳಗೇ ಇದ್ರೆ ಸಿನಿಮಾ ನಿಲ್ಲುತ್ತೆ, ಅಷ್ಟೂ ಜನರ ಕೆಲಸ ಹೋಗುತ್ತೆ ಅನ್ನೋ ಥರ ಒತ್ತಾಯ ಮಾಡಿದ. ಎರಡು ವಾರ ಆಗಿತ್ತು. ಬೋಲ್ಟ್ ಸಹಿ ಹಾಕಿದ್ರು. ಹೊರಗೆ ಬಂದ್ರು. ನವೆಂಬರಲ್ಲಿ ನ್ಯೂಯಾರ್ಕಲ್ಲಿ ಪರದೆ ಎದ್ದಿತು, ಮರುವರ್ಷ ನಾಟಕಕ್ಕೆ ಟೋನಿ, ಅಂದ್ರೆ ಅಮೆರಿಕದ ರಂಗಭೂಮಿಯ ದೊಡ್ಡ ಪ್ರಶಸ್ತಿ. ಸಹಿ ಹಾಕದವನ ಕಥೆಗೆ ಜನ ಎದ್ದುನಿಂತು ಚಪ್ಪಾಳೆ ತಟ್ಟುತ್ತಿದ್ದಾಗ, ಬರೆದವರ ಸಹಿ ಆ ಕಾಗದದ ಮೇಲಿತ್ತು. ಆ ಸಹಿಗೆ ಅವರು ಜೀವನಪೂರ್ತಿ ನೊಂದ್ಕೊಂಡ್ರು. ನಾನು ಅವರನ್ನ ಇದಕ್ಕೆ ಸಣ್ಣದಾಗಿ ನೋಡಲ್ಲ, ಆ ಬೊಗಸೆ ಹಿಡಿಯೋದು ಎಷ್ಟು ಕಷ್ಟ ಅಂತ ಇದರಿಂದ ನನಗೆ ಅರ್ಥ ಆಯ್ತು.

ಟೈಮ್ ಆಗ್ತಾ ಬಂತು, ಬೇಗ ಹೇಳಿಬಿಡ್ತೀನಿ. ಜಿವಾಗೊಗೆ ಒಂದು ಆಸ್ಕರ್, 1966ರಲ್ಲಿ ಮೋರ್ ನಾಟಕವೇ ಸಿನಿಮಾ ಆಗಿ ಅದಕ್ಕೆ ಇನ್ನೊಂದು. 1970ರಲ್ಲಿ ವಿವಾಟ್ ವಿವಾಟ್ ರೆಜೀನಾ ಅಂತ ಇಂಗ್ಲೆಂಡಿನ ಮೊದಲನೇ ಎಲಿಜಬೆತ್ ರಾಣಿ ಮತ್ತು ಸ್ಕಾಟ್‌ಲೆಂಡಿನ ರಾಣಿ ಮೇರಿ ಬಗ್ಗೆ ನಾಟಕ. ಮೇರಿಯ ಮರಣದಂಡನೆ ಕಾಗದಕ್ಕೆ ಎಲಿಜಬೆತ್ ಸಹಿ ಹಾಕಿದ್ದು 1587ರಲ್ಲಿ, ನೋಡಿ, ಮತ್ತೆ ಸಹಿ! 1977ರಲ್ಲಿ ರಷ್ಯಾ ಕ್ರಾಂತಿ ಬಗ್ಗೆ ಒಂದು. 1979ರಲ್ಲಿ ಪಾರ್ಶ್ವವಾಯು ಹೊಡೆದು ಮಾತೇ ಹೋಯ್ತು, ಮೊದಲಿಂದ ಮಾತು ಕಲಿತ್ರು, ಮತ್ತೆ ಬರೆದ್ರು. 1995ರಲ್ಲಿ ತೀರಿಕೊಂಡ್ರು.

ತಂಡದವರಿಗೆ ಇನ್ನೊಂದೇ ವಿಷಯ. ಮೋರ್ ನಾಟಕದಲ್ಲಿ ಸಾಮಾನ್ಯ ಮನುಷ್ಯ ಅಂತ ಒಂದು ಪಾತ್ರ ಇದೆ, ರಂಗದ ಮೇಲೇ ಒಂದು ಬುಟ್ಟಿ, ಅದರಿಂದ ಬಟ್ಟೆ ತೆಗೆದು ಹಾಕ್ಕೊಂಡು ಒಬ್ಬನೇ ಮನೆಯಾಳು, ದೋಣಿಯವನು, ಜೈಲರ್ ಆಗ್ತಾ ಹೋಗ್ತಾನೆ, ಕೊನೆಗೆ ಮೋರ್ ತಲೆ ಕಡಿಯೋನೂ ಅವನೇ. ರಿಹರ್ಸಲ್ ಶುರು ಮಾಡೋದಾದ್ರೆ ಆ ಬುಟ್ಟಿಯಿಂದ ಶುರು ಮಾಡಿ. ನಮಸ್ಕಾರ.